ಅಣ್ಣಿಗೇರಿಯ ಮಗಳು, ವೇಮುಲವಾಡದ ಕೆರೆ

ಇದೆಲ್ಲ ಶುರುವಾದದ್ದು ರಷ್ಯಾದಿಂದ ಬಂದ ಒಂದು ಫೋಟೋದಿಂದ.

2008ರ ದೀಪಾವಳಿ ಮುಗಿದ ವಾರ. ನಮ್ಮ ನಾದಿನಿಯ ಮಗಳು ಆಗ ರಷ್ಯಾದಲ್ಲಿ ಡಾಕ್ಟರಿ ಓದುತ್ತಿದ್ದಳು. ರಜೆಯಲ್ಲಿ ಗೆಳತಿಯರ ಜೊತೆ ಪೆರೆಸ್ಲಾವ್ಲ್ ಅನ್ನುವ ಊರಿಗೆ ಹೋಗಿದ್ದಳಂತೆ, ಅಲ್ಲಿಂದ ಒಂದಿಷ್ಟು ಫೋಟೋ ಕಳಿಸಿದ್ದಳು. ದೊಡ್ಡದೊಂದು ಸರೋವರ, ಹೆಸರು ಪ್ಲೆಶ್ಚೇಯೆವೊ. ಊರಿನಲ್ಲಿ ಬಿಳಿ ಕಲ್ಲಿನ, ಒಂದೇ ಗುಮ್ಮಟದ ಪುಟ್ಟ ಚರ್ಚು. ಯೂರಿ ದೊಲ್ಗೊರೂಕಿ ಅನ್ನುವ ರಾಜ 1152ರಲ್ಲಿ ಊರು ಕಟ್ಟಿಸಿ ಈ ಚರ್ಚಿನ ಕೆಲಸವನ್ನೂ ಆಗಲೇ ಶುರುಮಾಡಿಸಿದನಂತೆ. ಪೀಟರ್ ದೊರೆ ಹುಡುಗನಾಗಿದ್ದಾಗ ಹಡಗು ಕಟ್ಟುವುದನ್ನು ಕಲಿತದ್ದೂ ಇದೇ ನೀರಿನಲ್ಲಂತೆ. ಕೊನೆಗೆ ಬರೆದಿದ್ದಳು: 'ಅತ್ತಾ, ಮಾಸ್ಕೋದಿಂದ ಬರೀ 140 ಕಿಲೋಮೀಟರು. ಇಲ್ಲಿಯವರು ಭಾನುವಾರ ಬಂದು ನೋಡಿಕೊಂಡು ಹೋಗುತ್ತಾರೆ. ನಮ್ಮ ಹತ್ತಿರ ಇಂಥದ್ದು ಯಾವುದಿದೆ?'

ನಾನು ಗೋಲ್ಕೊಂಡ ಅನ್ನುವುದರೊಳಗೆ ನಮ್ಮ ಅತ್ತಮ್ಮ, ಅಂದರೆ ನನ್ನ ಅತ್ತೆ, ಕನ್ನಡಕದ ಮೇಲಿನಿಂದ ನೋಡಿ, 'ಮನ ರಾಜನ್ನ ಗುಡಿ ಲೇದಾ?' ಅಂದರು. ನಮ್ಮ ರಾಜಣ್ಣನ ಗುಡಿ ಇಲ್ಲವೇ, ಪಕ್ಕದಲ್ಲೇ ಕೆರೆ ಇಲ್ಲವೇ, ಇಲ್ಲಿಂದ ಎಷ್ಟು ಮಹಾ ದೂರ, ಅಂತ. ಅಷ್ಟಕ್ಕೇ ಬಿಡಲಿಲ್ಲ. ಮೊಮ್ಮಗ ಹುಟ್ಟಿದಾಗ ಹೊತ್ತ ಹರಕೆ ಒಂಬತ್ತು ವರ್ಷದಿಂದ ಹಾಗೇ ಉಳಿದಿದೆ ಅನ್ನುವುದನ್ನೂ ನೆನಪಿಸಿದರು.

ರಾಜಣ್ಣ ಅಂದರೆ ವೇಮುಲವಾಡದ ರಾಜರಾಜೇಶ್ವರ, ನನ್ನ ಗಂಡನ ಮನೆಯವರ ದೇವರು. ಮದುವೆಯಾದಂದಿನಿಂದ ಆ ಹೆಸರು ಕೇಳುತ್ತಲೇ ಇದ್ದೆ. ಆದರೆ ನೋಡಿ, ಹನ್ನೊಂದು ವರ್ಷದಲ್ಲಿ ಒಮ್ಮೆಯೂ ನನಗೆ ಹೊಳೆದಿರಲಿಲ್ಲ, ಹೈಸ್ಕೂಲಿನಲ್ಲಿ ಉರುಹೊಡೆದಿದ್ದ 'ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಆಸ್ಥಾನದಲ್ಲಿದ್ದ ಪಂಪ' ಅನ್ನುವ ವಾಕ್ಯದ ವೇಮುಲವಾಡ ಇದೇ ಅಂತ! ಪುಸ್ತಕದ ಊರುಗಳು ಪುಸ್ತಕದಲ್ಲೇ ಇರುತ್ತವೆ ಅಂದುಕೊಂಡಿದ್ದೆನೋ ಏನೋ. ಬಸ್ಸು ಹೋಗುವ ಊರು ಬೇರೆ, ಪಂಪ ಇದ್ದ ಊರು ಬೇರೆ ಅನ್ನುವಂತೆ. ಅದೂ ನನ್ನಂಥವಳಿಗೆ! ನನ್ನ ತವರು ಧಾರವಾಡ ಜಿಲ್ಲೆಯ ಅಣ್ಣಿಗೇರಿ. ಪಂಪನ ತಾಯಿ ನಮ್ಮೂರವಳು ಅಂತ ನಮ್ಮ ಕನ್ನಡದ ಮೇಷ್ಟ್ರು ವರ್ಷಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದರು.

ಇಲ್ಲಿ ನಮ್ಮ ಮನೆಯ ಕತೆ ಸ್ವಲ್ಪ ಹೇಳಬೇಕು. ನಾನು ಹೈದರಾಬಾದಿಗೆ ಬಂದದ್ದು ಕೆಲಸಕ್ಕೆ, ಉಳಿದದ್ದು ಮದುವೆಯಾಗಿ. ಹುಡುಗ ತೆಲುಗಿನವನು ಅಂದಾಗ ಅಪ್ಪ ಜಗಳವಾಡಲಿಲ್ಲ, ಮಾತು ನಿಲ್ಲಿಸಿದರು. ಮದುವೆಗೆ ಬಂದು ಅಕ್ಷತೆ ಹಾಕಿ ಹೋದವರು ಬೇಗಂಪೇಟೆಯ ನಮ್ಮ ಮನೆಯ ಹೊಸ್ತಿಲು ತುಳಿಯಲೇ ಇಲ್ಲ. ಅವರು ಹೋದದ್ದು 2007ರಲ್ಲಿ. ಮರುವರ್ಷ ನವರಾತ್ರಿ ಕಳೆದ ಮೇಲೆ ಅವ್ವ ಮೊದಲ ಸಲ ಬಂದಳು, ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿಗೆ, ಒಂದು ಚೀಲದಲ್ಲಿ ಜೋಳದ ಹಿಟ್ಟು, ಇನ್ನೊಂದರಲ್ಲಿ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಹೊತ್ತುಕೊಂಡು. 'ಹದಿನೈದ ದಿನ ಅಷ್ಟ. ಮಗಳ ಮನ್ಯಾಗ ಭಾಳ ದಿನ ಇರಬಾರದು' ಅಂತ ಬಾಗಿಲಲ್ಲೇ ಹೇಳಿಬಿಟ್ಟಳು.

ಮೊಮ್ಮಗ ಅವಳನ್ನು 'ಅಮ್ಮಮ್ಮಾ' ಅಂದ. ತೆಲುಗಿನಲ್ಲಿ ತಾಯಿಯ ತಾಯಿಗೆ ಹಾಗೇ ಅನ್ನುವುದು. ಅವ್ವ ನಕ್ಕಳು. ಆದರೆ ರಾತ್ರಿ ಮಲಗುವಾಗ ಕೇಳಿದಳು: 'ಹುಡುಗಗ ನಮ್ಮ ಮಾತ ಒಂದೂ ಬರೂದಿಲ್ಲೇನ ಬೇ?' ಬರುತ್ತದೆ, ಅರ್ಥವಾಗುತ್ತದೆ, ಆಡುವುದು ಕಡಿಮೆ, ಅಂತ ಏನೋ ಸಮಜಾಯಿಷಿ ಕೊಟ್ಟೆ. ಸ್ಕೂಲಿನಲ್ಲಿ ಇಂಗ್ಲಿಷು, ಮನೆಯಲ್ಲಿ ತೆಲುಗು, ಕೆಳಗೆ ಆಡುವಾಗ ಹೈದರಾಬಾದಿನ ಹಿಂದಿ. ಕನ್ನಡ ಅವನಿಗೆ ನಾನು ಫೋನಿನಲ್ಲಿ ಆಡುವ ಭಾಷೆ. ಅವ್ವ ಮರುಮಾತಾಡದೆ ಆ ಕಡೆ ತಿರುಗಿ ಮಲಗಿದಳು. ಅಪ್ಪ ಮಾತು ನಿಲ್ಲಿಸಿದ್ದೂ ಹೀಗೇ.

ಆ ತಿಂಗಳೇ ಕೇಂದ್ರ ಸರ್ಕಾರ ಕನ್ನಡ, ತೆಲುಗು ಎರಡಕ್ಕೂ ಒಟ್ಟಿಗೆ ಶಾಸ್ತ್ರೀಯ ಭಾಷೆಯ ಸ್ಥಾನಮಾನ ಕೊಟ್ಟಿತು. ನಮ್ಮ ಮನೆಯಲ್ಲಿ ಅದೊಂದು ದೊಡ್ಡ ತಮಾಷೆಯಾಯಿತು. 'ನಮ್ಮದು ಹಳೆಯದು' ಅಂತ ನನ್ನ ಗಂಡ, 'ನಮ್ಮದು ಹಳೆಯದು' ಅಂತ ನಾನು. ಮಗ ಮಧ್ಯೆ ಕೂತು ಎರಡೂ ಕಡೆ ನೋಡುತ್ತಿದ್ದ. ಆ ತಮಾಷೆಗೆ ಉತ್ತರ ವೇಮುಲವಾಡದ ದಾರಿಯಲ್ಲಿದೆ ಅಂತ ನನಗೆ ಗೊತ್ತಾದದ್ದು ಆಮೇಲೆ. ಅಷ್ಟರಲ್ಲಿ ಲೈಬ್ರರಿಗೆ ಹೋಗಿ ಒಂದಿಷ್ಟು ಓದಿಕೊಂಡೆ, ಅನ್ನಿ.

ಡಿಸೆಂಬರಿನ ಒಂದು ಬೆಳಿಗ್ಗೆ ಬಾಡಿಗೆ ಕಾರಿನಲ್ಲಿ ಹೊರಟೆವು. ಮುಂದೆ ನನ್ನ ಗಂಡ, ಹಿಂದೆ ನಾನು, ಮಗ, ಎರಡು ಕಿಟಕಿಗೆ ಇಬ್ಬರು ಹಿರಿಯರು. ಬೇಗಂಪೇಟೆಯಲ್ಲಿ ಆಗ ಒಂದು ಬಗೆಯ ನಿಶ್ಶಬ್ದ. ಅದೇ ವರ್ಷದ ಮಾರ್ಚಿನಲ್ಲಿ ವಿಮಾನಗಳೆಲ್ಲ ಶಂಶಾಬಾದಿಗೆ ಹೋಗಿದ್ದವು. ಸ್ಪ್ಯಾನಿಷ್ ಮಸೀದಿ ದಾಟುವಾಗ ಅವ್ವ ಕೇಳಿದಳು, ಇದಕ್ಕ ಬೇಗಂಪೇಟೆ ಅಂತ ಯಾಕಂತಾರ ಅಂತ. ನಿಜಾಮರ ಮನೆತನದ ಮಗಳು ಬಶೀರುನ್ನೀಸಾ ಬೇಗಂ ಪೈಗಾ ಮನೆತನಕ್ಕೆ ಸೊಸೆಯಾಗಿ ಹೋದಾಗ ಈ ಜಾಗವನ್ನು ಬಳುವಳಿಯಾಗಿ ಕೊಟ್ಟರು ಅಂತ ಇಲ್ಲಿಯವರು ಹೇಳುತ್ತಾರೆ. ಅದನ್ನೇ ಹೇಳಿದೆ. 'ಹಂಗಾರ ನೀವೆಲ್ಲಾ ಬಳುವಳಿ ಹೊಲದಾಗ ಅದೀರಿ' ಅಂದಳು ಅವ್ವ. ಅತ್ತಮ್ಮನಿಗೆ ಅದನ್ನು ತೆಲುಗಿಗೆ ತಿರುಗಿಸಿ ಹೇಳಿದಾಗ ಅವರೂ ನಕ್ಕರು. ಅಲ್ಲಿಂದ ಸಿದ್ದಿಪೇಟೆಯವರೆಗೆ ಇಬ್ಬರೂ ಒಬ್ಬರಿಗೊಬ್ಬರು ತಮ್ಮ ತಮ್ಮ ಭಾಷೆಯಲ್ಲೇ ಮಾತಾಡಿದರು. ಸೊಸೆ, ಬೀಗರು, ಮಂಡಿನೋವು. ಇದಕ್ಕೆಲ್ಲ ಯಾವ ಭಾಷೆಯಾದರೇನು?

ನಡುವೆ ಅವ್ವನಿಗೆ ಇನ್ನೊಂದು ಆಟ ಸಿಕ್ಕಿತು. ರಸ್ತೆಯ ಪಕ್ಕದ ತೆಲುಗು ಬೋರ್ಡುಗಳನ್ನು ಓದುವುದು. ಕನ್ನಡ ನಾಲ್ಕನೇ ಇಯತ್ತೆ ಓದಿದವಳು, 'ಈ ಅಕ್ಷರಕ್ಕ ತಲಿ ಮ್ಯಾಲೆ ರೈಟ್ ಮಾರ್ಕ್ ಹಾಕ್ಯಾರ ನೋಡು, ಉಳದದ್ದೆಲ್ಲಾ ನಮ್ಮದs' ಅನ್ನುತ್ತ ಹತ್ತರಲ್ಲಿ ಆರು ಸರಿಯಾಗಿ ಓದಿಬಿಟ್ಟಳು. ಮಗನಿಗೆ ಆಶ್ಚರ್ಯ. ಅಮ್ಮಮ್ಮನಿಗೆ ತೆಲುಗು ಯಾರು ಕಲಿಸಿದರು?

ಯಾರೂ ಕಲಿಸಬೇಕಾಗಿರಲಿಲ್ಲ. ಸಾವಿರ ವರ್ಷದ ಹಿಂದೆ ಎರಡಕ್ಕೂ ಇದ್ದದ್ದು ಒಂದೇ ಲಿಪಿ. ಕವಿರಾಜಮಾರ್ಗ ಒಂಬತ್ತನೆಯ ಶತಮಾನದಲ್ಲಿ ಕನ್ನಡನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಳೆಯುತ್ತದಲ್ಲ, ಆ ಲೆಕ್ಕದಲ್ಲಿ ಗೋದಾವರಿಯ ಈಚೆ ದಡದ ವೇಮುಲವಾಡವೂ ಅದರೊಳಗೇ ಬರುತ್ತದೆ. ಹಾಗಂತ ಅಲ್ಲಿ ತೆಲುಗು ಇರಲಿಲ್ಲ ಅಂತಲ್ಲ. ಮಳಖೇಡದ ರಾಷ್ಟ್ರಕೂಟರು ದೊರೆಗಳು, ವೇಮುಲವಾಡದ ಚಾಲುಕ್ಯರು ಅವರ ಸಾಮಂತರು. ಈ ಮನೆತನ ಮೊದಲು ಇದ್ದದ್ದು ಬೋಧನದಲ್ಲಿ. ಅಲ್ಲಿ ಬಾವಿಗಳಿಗೆ ಎಣ್ಣೆ ತುಂಬಿಸಿ ಆನೆಗಳನ್ನು ಮೀಯಿಸಿದ ಯುದ್ಧಮಲ್ಲನ ಪ್ರತಾಪವನ್ನು ಪಂಪ ವರ್ಣಿಸುತ್ತಾನೆ. ಆಮೇಲೆ ರಾಜಧಾನಿ ವೇಮುಲವಾಡಕ್ಕೆ ಬಂತು. ಶಾಸನಗಳಲ್ಲಿ ಇದರ ಹೆಸರು ಲೇಂಬುಳವಾಟಕ, ಲೇಂಬುಳಪಾಟಕ. ನಲವತ್ತೆರಡು ಯುದ್ಧ ಗೆದ್ದು 'ಸೋಲದ ಗಂಡ' ಅನ್ನಿಸಿಕೊಂಡ ಬದ್ದೆಗ ಈ ಮನೆತನದವನೇ. ಅವನ ವಂಶದ ಇಮ್ಮಡಿ ಅರಿಕೇಸರಿ ಪಂಪನನ್ನು ಸಾಕಿದ ದೊರೆ. 941ರಲ್ಲಿ ಆದಿಪುರಾಣ, ಅದರ ಬೆನ್ನಿಗೇ ವಿಕ್ರಮಾರ್ಜುನ ವಿಜಯ. ಒಂದು ಮೂರು ತಿಂಗಳಲ್ಲಿ, ಇನ್ನೊಂದು ಆರು ತಿಂಗಳಲ್ಲಿ ಮುಗಿಯಿತು ಅಂತ ಅವನೇ ಹೇಳಿಕೊಂಡಿದ್ದಾನೆ. ರಷ್ಯಾದ ಆ ಬಿಳಿ ಚರ್ಚಿಗೆ ಮೊದಲ ಕಲ್ಲು ಬೀಳುವುದಕ್ಕೆ ಇನ್ನೂ ಇನ್ನೂರು ವರ್ಷವಿತ್ತು.

ಇಂದು ನಮಗೆ ಇದೆಲ್ಲ 'ಹೊರನಾಡು'. ಆದರೆ 1956ರ ನವೆಂಬರ್ 1ರವರೆಗೂ ಮಳಖೇಡ, ವೇಮುಲವಾಡ ಎರಡೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ನಡುವೆ ಗೆರೆ ಬಿದ್ದದ್ದು ನಮ್ಮ ಅವ್ವ ಲಂಗ ಉಡುತ್ತಿದ್ದ ಕಾಲದಲ್ಲಿ.

ಸಿರಿಸಿಲ್ಲದ ಮಗ್ಗದ ಸದ್ದು ದಾಟಿ ವೇಮುಲವಾಡ ಮುಟ್ಟಿದಾಗ ಹೊತ್ತು ಏರಿತ್ತು. ಅದು ಆಗ ಕರೀಂನಗರ ಜಿಲ್ಲೆಯ ಊರು. ತೆಲಂಗಾಣ ರಾಜ್ಯವಾಗಿ, 2016ರಲ್ಲಿ ಹೊಸ ಜಿಲ್ಲೆಗಳಾದ ಮೇಲೆ ಆ ಜಿಲ್ಲೆಗೆ ದೇವರ ಹೆಸರೇ ಬಂದಿದೆ, ರಾಜಣ್ಣ ಸಿರಿಸಿಲ್ಲ. ಪುಸ್ತಕ ಓದಿ ಹೋದ ನಾನು ಹಾಳು ಕೋಟೆ, ಒಂಟಿ ಕಂಬ, ಮೌನ, ಇಂಥದ್ದೇನೋ ನಿರೀಕ್ಷಿಸಿದ್ದೆ. ಇದ್ದದ್ದು ಜಾತ್ರೆ. ತೆಂಗಿನಕಾಯಿ, ಬೆಲ್ಲ, ಬೋಳು ತಲೆಗಳು, ಒದ್ದೆ ಬಟ್ಟೆ, ಧರ್ಮಗುಂಡದ ಮೆಟ್ಟಿಲ ತುಂಬ ಮೀಯುವ ಜನ. ಎಲ್ಲಕ್ಕಿಂತ ಮುಖ್ಯವಾಗಿ ಹೋರಿಗಳು.

ಇದಕ್ಕೆ 'ಕೋಡೆ ಮೊಕ್ಕು' ಅನ್ನುತ್ತಾರೆ. ಕೋಡೆ ಅಂದರೆ ಹೋರಿ, ಮೊಕ್ಕು ಅಂದರೆ ಹರಕೆ. ಹರಕೆ ಹೊತ್ತವರು ಹೋರಿಯ ಹಗ್ಗ ಹಿಡಿದು ಗುಡಿಗೆ ಸುತ್ತು ಬಂದು ಕಟ್ಟಬೇಕು. ಶಿವನ ವಾಹನದ ಸೇವೆ. ಒಂಬತ್ತು ವರ್ಷದ ನಮ್ಮ ಮಗ ಹಗ್ಗ ಹಿಡಿದಿದ್ದನೋ, ಹೋರಿ ಅವನನ್ನು ಹಿಡಿದಿತ್ತೋ ಹೇಳುವುದು ಕಷ್ಟ. ಒಕ್ಕಲುತನದ ಮನೆಯಿಂದ ಬಂದ ಅವ್ವ ಮುಂದೆ ಬಂದು, ಹೋರಿಯ ಕೊರಳಿಗೆ ಕೈ ಹಾಕಿ, 'ಹಗ್ಗ ಜಗ್ಗಬ್ಯಾಡಪಾ, ಅದರ ಜೋಡಿ ನಡಿ' ಅಂದಳು. ಅಚ್ಚ ಕನ್ನಡದಲ್ಲಿ. ಹುಡುಗ ಹಗ್ಗ ಸಡಿಲಬಿಟ್ಟು ಜೊತೆಗೆ ನಡೆದ. ಇಬ್ಬರೂ ಹಾಗೇ ಸುತ್ತು ಮುಗಿಸಿದರು. ಅತ್ತಮ್ಮ ಕಣ್ಣೊರೆಸಿಕೊಂಡರು. ಹರಕೆ ತೀರಿತು.

ಆವರಣದೊಳಗೆ ಒಂದು ದರ್ಗಾ ಇದೆ. ಶಿವನಿಗೆ ಕೈಮುಗಿದವರು ಅಲ್ಲಿಗೂ ಹೋಗಿ ಬರುವುದನ್ನು ಅವ್ವ ಬೆರಗಿನಿಂದ ನೋಡಿದಳು. ಬೆರಗಾಗಲು ಇನ್ನೂ ಒಂದಿದೆ. ಈ ಶೈವ ಕ್ಷೇತ್ರ ಒಂದು ಕಾಲಕ್ಕೆ ಜೈನರ ದೊಡ್ಡ ನೆಲೆ. ಬದ್ದೆಗ ಎಂಬ ಹೆಸರಿನದೇ ಇನ್ನೊಬ್ಬ ದೊರೆ ಇಲ್ಲಿ ಶುಭಧಾಮ ಜಿನಾಲಯ ಕಟ್ಟಿಸಿದ್ದ. ಅದರ ಖರ್ಚಿಗೆಂದು ಅವನ ಮಗ ಅರಿಕೇಸರಿ 966ರಲ್ಲಿ ಸೋಮದೇವಸೂರಿಗೆ ಒಂದು ಹಳ್ಳಿಯನ್ನೇ ದತ್ತಿ ಕೊಟ್ಟದ್ದು ಪರಭಣಿಯ ತಾಮ್ರಪಟದಲ್ಲಿದೆ. ಯಶಸ್ತಿಲಕ ಚಂಪೂ ಬರೆದ ಆ ಸೋಮದೇವಸೂರಿಯೇ. ವೈದಿಕ ಬ್ರಾಹ್ಮಣರ ಮನೆತನದ ಪಂಪನ ತಂದೆ ಜೈನನಾದವನು. ಮಗ ಒಂದು ಕೈಯಲ್ಲಿ ಜಿನನ ಕತೆ, ಇನ್ನೊಂದು ಕೈಯಲ್ಲಿ ಮಹಾಭಾರತ ಬರೆದ. ಒಂದೇ ಊರಿನಲ್ಲಿ ಇಷ್ಟೆಲ್ಲ ಹಿಡಿಸಿತ್ತು.

ಊಟ ಮುಗಿಸಿ ಕೆರೆಯ ದಂಡೆಗೆ ಬಂದು ಕೂತೆವು. ಗುಡಿ ಚೆರುವು, ಅಂದರೆ ಗುಡಿಯ ಕೆರೆ ಅಂತಲೇ ಅದರ ಹೆಸರು. ನೀರಿನ ಮೇಲೆ ಗಾಳಿ. ನಮಗೆಲ್ಲ ಗೊತ್ತಿರುವ ಬನವಾಸಿಯ ಪದ್ಯಗಳನ್ನು ಪಂಪ ಬರೆದದ್ದು ಈ ಆಸ್ಥಾನದ ಕವಿಯಾಗಿದ್ದಾಗ. ಅರ್ಜುನ ತೀರ್ಥಯಾತ್ರೆ ಮಾಡುತ್ತ ಬನವಾಸಿಗೆ ಬರುವ ನೆಪ ಮಾಡಿಕೊಂಡು, ಕವಿ ಆ ನಾಡಿನ ತಂಗಾಳಿ, ಮಲ್ಲಿಗೆ, ಹಾಡು ಎಲ್ಲವನ್ನೂ ನೆನೆಯುತ್ತಾನೆ. ನಾವು ಅದನ್ನು ನಾಡಪ್ರೇಮದ ಪದ್ಯ ಅಂತ ರಾಜ್ಯೋತ್ಸವದಲ್ಲಿ ಹೇಳುತ್ತೇವೆ. ಬೆಂಗಳೂರಿನಲ್ಲಿ ನಿಂತು ಹೇಳಿದರೆ ಅದು ನಾಡಪ್ರೇಮ. ವೇಮುಲವಾಡದ ಕೆರೆ ದಂಡೆಯಲ್ಲಿ ಕೂತರೆ ಅದು ಊರು ಬಿಟ್ಟವನ ಸಂಕಟ. ನನಗೆ ಆ ಪದ್ಯಗಳು ಅರ್ಥವಾದದ್ದು ಅವತ್ತು.

ಆದರೆ ನಾನು ನೋಡಬೇಕಾದದ್ದು ಇನ್ನೂ ಒಂದು ಉಳಿದಿತ್ತು. ಗಂಗಾಧರ ಮಂಡಲದಲ್ಲಿ ಕುರಿಕ್ಯಾಲ ಅನ್ನುವ ಹಳ್ಳಿ. ಅದರ ಹತ್ತಿರ ಬೊಮ್ಮಲಗುಟ್ಟ, ಗೊಂಬೆಗಳ ಗುಡ್ಡ. ಕರೀಂನಗರದ ಸೀಮೆ ಗ್ರಾನೈಟಿಗೆ ಹೆಸರಾದದ್ದು. ದಾರಿಯುದ್ದಕ್ಕೂ ಕಲ್ಲಿನ ಲಾರಿಗಳು. ಈ ಗುಡ್ಡ ಇನ್ನೂ ನಿಂತಿದೆಯಲ್ಲ ಅಂತ ದೂರದಿಂದ ಕಂಡಾಗ ಸಮಾಧಾನವಾಯಿತು. ಹಿರಿಯರನ್ನು ಕೆಳಗೆ ಮರದ ನೆರಳಲ್ಲಿ ಕೂಡಿಸಿ ನಾವು ಮೂವರು ಹತ್ತಿದೆವು. ಬಂಡೆಯ ಮೈಯಲ್ಲಿ ಚಕ್ರೇಶ್ವರಿ, ಜಿನಮೂರ್ತಿಗಳು. ಕೆಳಗೆ ಸಾಲು ಸಾಲು ಅಕ್ಷರ.

ಇದನ್ನು ಕೆತ್ತಿಸಿದವನು ಜಿನವಲ್ಲಭ, ಪಂಪನ ತಮ್ಮ. ಕಾಲ ಸುಮಾರು 945. ಸಂಸ್ಕೃತ, ಕನ್ನಡ, ತೆಲುಗು, ಮೂರರಲ್ಲೂ ಬರೆಸಿದ್ದಾನೆ. ತೆಲುಗಿನಲ್ಲಿರುವುದು ಮೂರು ಕಂದಪದ್ಯ. ನನ್ನಯನ ಮಹಾಭಾರತಕ್ಕಿಂತ ನೂರು ವರ್ಷ ಹಿಂದಿನವು. ತೆಲುಗಿನ ಹಳಮೆ ಹೇಳುವಾಗಲೆಲ್ಲ ವಿದ್ವಾಂಸರು ಈ ಬಂಡೆಯನ್ನು ತೋರಿಸುತ್ತಾರೆ. ಕನ್ನಡದ ಆದಿಕವಿಯ ತಮ್ಮ ತೆಲುಗಿನ ಹಳಮೆಗೆ ಸಾಕ್ಷಿ! ನಾನೂ ನನ್ನ ಗಂಡನೂ ಮುಖ ಮುಖ ನೋಡಿಕೊಂಡೆವು. 'ನಮ್ಮದು ಹಳೆಯದು' ಅನ್ನುವ ಜಗಳ ಅಲ್ಲಿಗೆ ಮುಗಿಯಿತು.

ಶಾಸನ ಇನ್ನೂ ಹೇಳುತ್ತದೆ. ಜಿನವಲ್ಲಭ ಇಲ್ಲಿ ತ್ರಿಭುವನತಿಲಕ ಅನ್ನುವ ಬಸದಿ ಕಟ್ಟಿಸಿದ, ಮದನವಿಲಾಸ ಅನ್ನುವ ತೋಟ ಹಾಕಿಸಿದ, ಒಂದು ಕೆರೆ ಕಟ್ಟಿಸಿದ. ಆ ಕೆರೆಗೆ ಇಟ್ಟ ಹೆಸರು ಕವಿತಾಗುಣಾರ್ಣವ. ಅದು ಅಣ್ಣನ ಬಿರುದು. ಅಣ್ಣನಿಗೆ ಅರಿಕೇಸರಿ ಧರ್ಮವುರವೆಂಬ ಅಗ್ರಹಾರ ಕೊಟ್ಟ ಮಾತೂ ಇಲ್ಲಿದೆ. ಆಮೇಲೆ ಮನೆತನದ ವಿವರ: ತಂದೆಯ ಕಡೆಯವರು ವೆಂಗಿನಾಡಿನವರು, ಅಂದರೆ ಅಚ್ಚ ತೆಲುಗು ಸೀಮೆ. ತಾಯಿ ಅಬ್ಬಣಬ್ಬೆ, ಬೆಳ್ವೊಲದ ಅಣ್ಣಿಗೆರೆಯ ಜೋಯಿಸ ಸಿಂಘನ ಮೊಮ್ಮಗಳು. ಪಂಪ ತನ್ನ ಕಾವ್ಯದಲ್ಲಿ ತಂದೆ, ಅಜ್ಜ, ಮುತ್ತಜ್ಜರನ್ನೆಲ್ಲ ಹೇಳಿದ. ಅವ್ವನ ಹೆಸರು ನಮಗೆ ಸಿಕ್ಕಿದ್ದು ತಮ್ಮ ಕೆತ್ತಿಸಿದ ಈ ಬಂಡೆಯಿಂದ.

ಮೇಷ್ಟ್ರು ವರ್ಷಕ್ಕೆ ನಾಲ್ಕು ಸಲ ಹೇಳಿದ್ದು ಇದನ್ನೇ. ಆಗ ಅದು ಪರೀಕ್ಷೆಗೆ ಒಂದು ಮಾರ್ಕಿನ ಮಾತು. ಈಗ ಬಂಡೆಯ ಮುಂದೆ ಪಕ್ಕದಲ್ಲಿ ನನ್ನ ಮಗ ನಿಂತಿದ್ದ. ತೆಲುಗು ಸೀಮೆಯ ಅಪ್ಪ, ಅಣ್ಣಿಗೇರಿಯ ಅವ್ವ. ಅವನು ಬೆರಳಿಟ್ಟು ಅಕ್ಷರ ಗುರುತಿಸಲು ನೋಡುತ್ತಿದ್ದ. 'ಅಮ್ಮಾ, ಇದು ತೆಲುಗಾ, ಕನ್ನಡನಾ?' ಅಂತ ಕೇಳಿದ. ಎರಡೂ, ಅಂದೆ. ನನಗೆ ಓದಲು ಬರಲಿಲ್ಲ, ಅವನಿಗೂ ಬರಲಿಲ್ಲ. ಒಂದೆರಡು ಅಕ್ಷರ ಮಾತ್ರ ಇಬ್ಬರಿಗೂ ಒಟ್ಟಿಗೇ ಗುರುತು ಸಿಕ್ಕವು.

ಮೇಲಿನಿಂದ ನೋಡಿದರೆ ಬಯಲಿನಲ್ಲಿ ಕೆರೆ ನೀರು ಹೊಳೆಯುತ್ತಿತ್ತು. ಇಳಿದು ಬಂದು ಎಮ್ಮೆ ಕಾಯುತ್ತಿದ್ದ ಹುಡುಗನನ್ನು, ಆ ಕೆರೆಯ ಹೆಸರೇನು ಅಂತ ಕೇಳಿದೆವು. ನಮ್ಮನ್ನು ವಿಚಿತ್ರವಾಗಿ ನೋಡಿ, 'ಚೆರುವು' ಅಂದ. ಕೆರೆ, ಅಷ್ಟೇ.

ಅವ್ವನಿಗೆ ಎಲ್ಲ ಹೇಳಿದೆ. ಪಂಪ, ಅರಿಕೇಸರಿ, ಬಸದಿ, ಕೆರೆ ಎಲ್ಲಕ್ಕೂ ಹೂಂಗುಟ್ಟಿದಳು. ಅಬ್ಬಣಬ್ಬೆ ಅಂದಕೂಡಲೇ ನೆಟ್ಟಗೆ ಕೂತಳು.

'ನಮ್ಮೂರ ಹುಡುಗಿ ಅಂತಿ?'

'ಹೌದವಾ, ಅಣ್ಣಿಗೇರಿಯವಳು.'

'ತೆಲುಗರ ಮನಿಗೆ ಕೊಟ್ಟಿದ್ರು?'

'ಹೂಂ.'

ಅವ್ವ ಗುಡ್ಡದ ಕಡೆ ನೋಡಿದಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: 'ಆಕಿ ತವರಿಗೆ ಹೋಗಿ ಬರ್ತಿದ್ದಳೇನ ಬೇ?'

ಇಷ್ಟು ಪುಸ್ತಕ ಓದಿಕೊಂಡು ಬಂದಿದ್ದ ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಶಾಸನ ದಾನದ ಲೆಕ್ಕ ಹೇಳುತ್ತದೆ, ಗೋತ್ರ ಹೇಳುತ್ತದೆ. ಮಗಳು ತವರಿಗೆ ಹೋದದ್ದು, ಹೋಗದೆ ಉಳಿದದ್ದು ಅದರ ಲೆಕ್ಕದಲ್ಲಿ ಬರುವುದಿಲ್ಲ. ಆದರೂ ನನಗೆ ಒಂದು ಮಾತು ಅನ್ನಿಸಿತು, ಅದನ್ನೇ ಹೇಳಿದೆ. ಪಂಪ ತನ್ನದು ಪುಲಿಗೆರೆಯ ತಿರುಳುಗನ್ನಡ ಅನ್ನುತ್ತಾನೆ. ಪುಲಿಗೆರೆ ಅಂದರೆ ನಮ್ಮ ಲಕ್ಷ್ಮೇಶ್ವರ, ಅಣ್ಣಿಗೇರಿಯ ಆಚೀಚೆಯ ಸೀಮೆ. ಅಪ್ಪನ ಮನೆತನ ವೆಂಗಿಯದಾದ ಮೇಲೆ ಆ ಮಾತು ಅವನಿಗೆ ಯಾರಿಂದ ಬಂದಿರಬೇಕು? ಅವ್ವನಿಂದಲೇ ಅಂತ ನನ್ನ ನಂಬಿಕೆ. 'ಆಕಿ ಹೋಗಿದ್ದಳೋ ಇಲ್ಲೋ, ಮಾತು ಮಾತ್ರ ತವರಿಂದs ಬಂದಿತ್ತವಾ.'

'ಬಳುವಳಿ' ಅಂದಳು ಅವ್ವ, ಬೆಳಿಗ್ಗೆಯ ಬೇಗಂಪೇಟೆಯ ಮಾತು ನೆನಪಿಟ್ಟುಕೊಂಡು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು: 'ನಿಮ್ಮ ಅಪ್ಪಗ ಇದನ್ನ ಯಾರರೆ ಹೇಳಬೇಕಿತ್ತು.'

ನನ್ನ ಗಂಟಲು ಕಟ್ಟಿತು. ಅತ್ತಮ್ಮ ಏನೂ ಕೇಳದೆ ಬುತ್ತಿಯ ಡಬ್ಬಿ ತೆಗೆದು ಅವ್ವನ ಕೈಗೆ ಒಂದು ಸಕಿನಾಲು ಇಟ್ಟರು. ಅದು ಅವರ ಕಡೆಯ ಅಕ್ಕಿಹಿಟ್ಟಿನ ತಿಂಡಿ. ಅವ್ವ ಮುರಿದು ಅರ್ಧ ಮೊಮ್ಮಗನಿಗೆ ಕೊಟ್ಟಳು. 'ಚಕ್ಕಲಿ ಹಂಗs ಐತಿ' ಅಂದಳು. 'ಚಕ್ಕಲಿ' ಅಂತ ಅವನೂ ಅಂದ.

ಹದಿನೈದು ದಿನಕ್ಕೆಂದು ಬಂದವಳು ಯುಗಾದಿಯವರೆಗೆ ಇದ್ದಳು. ಪ್ರತಿ ಸಂಜೆ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಮೊಮ್ಮಗನಿಗೆ ಅಕ್ಷರ ಬರೆಸಿದಳು. ತೆಲುಗು ಬಲ್ಲ ಹುಡುಗನಿಗೆ ಕನ್ನಡ ಅಕ್ಷರ ಎರಡು ವಾರದ ಕೆಲಸ. ಮಾತು ನಿಧಾನಕ್ಕೆ ಬಂತು, ತೆಲುಗಿನ ರಾಗದಲ್ಲಿ, ಅಣ್ಣಿಗೇರಿಯ ಶಬ್ದಗಳೊಡನೆ. ಇಂದಿಗೂ ಅವನ ಕನ್ನಡ ಹಾಗೇ ಇದೆ. ಕೇಳಿದವರು, ಇದು ಯಾವ ಕಡೆಯ ಕನ್ನಡ, ಅನ್ನುತ್ತಾರೆ. ವೇಮುಲವಾಡದ ಕಡೆಯದು ಅನ್ನುತ್ತೇನೆ ನಾನು.

ಊರಿಗೆ ಮರಳಿದ ಮೇಲೆ ಅವ್ವ ಮಾಡಿದ ಮೊದಲ ಫೋನು ನನಗೆ ನೆನಪಿದೆ. ಸೋಮವಾರ, ಅಮೃತೇಶ್ವರ ಗುಡಿಗೆ ಹೋಗಿ ಬಂದಿದ್ದಳು.

'ಓಣ್ಯಾಗಿನ ಎಲ್ಲಾರಿಗೂ ಹೇಳೇನಿ. ನಮ್ಮೂರ ಮಗಳ ಹೆಸರು ಅಲ್ಲಿ ಕಲ್ಲಾಗ ಐತಿ, ನಾ ಗುಡ್ಡದ ಬುಡತನಕಾ ಹೋಗಿ ಬಂದೇನಿ ಅಂತ. ಅದಿರ್ಲಿ, ನೀ ಯಾವಾಗ ಬರ್ತಿ?'